ಕೇಳಿಸಿದರೆ ಬೆರಳೆತ್ತಿ

ಕಾರು ಮಾರುವವರ ಊರಿಗೂ ಅವನ ಊರಿಗೂ ನಡುವೆ ಇಡೀ ಒಂದು ಹಗಲಿನ ರೈಲು ಪ್ರಯಾಣವಿತ್ತು. ಹಾಗಾಗಿ ಆ ಕಾರನ್ನು ಅವನು ಮೊದಲು ನೋಡಲಿಲ್ಲ, ಕೇಳಿದ.

ಕೇಳುವುದು, ಕೇಳಿಸುವುದು ಎರಡೂ ಅವನ ಕಸುಬೇ. ಶ್ರವಣಯಂತ್ರ ಮಾರುವ ಅಂಗಡಿಯೊಂದರಲ್ಲಿ ಅವನು ಜನರ ಕಿವಿ ಪರೀಕ್ಷೆ ಮಾಡುತ್ತಿದ್ದ. ಬೀದಿಯವರು ಅವನನ್ನು ಕಿವಿಯವನು ಎಂದೇ ಕರೆಯುತ್ತಿದ್ದರು. ಅಂಗಡಿಯ ಹಿಂಭಾಗದಲ್ಲಿ ದೊಡ್ಡ ಕಪಾಟಿನಂಥ ಒಂದು ಕೋಣೆಯಿತ್ತು. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು. ದಪ್ಪ ಬಾಗಿಲು ಹಾಕಿಕೊಂಡರೆ ಹೊರಗಿನ ಲೋಕಕ್ಕೆ ಯಾರೋ ಹೊದಿಕೆ ಹೊದಿಸಿದಂತಾಗುತ್ತಿತ್ತು. ಬಂದವರನ್ನು ಅದರೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಅವನು ದಿನವೂ ಅದೇ ಮಾತು ಹೇಳುತ್ತಿದ್ದ: "ಕೇಳಿಸಿದರೆ ಬೆರಳೆತ್ತಿ. ಎಷ್ಟೇ ಸಣ್ಣಗೆ ಕೇಳಿಸಿದ್ರೂ ಸರಿ. ಕೇಳಿಸ್ತೋ ಇಲ್ವೋ ಅಂತ ಅನುಮಾನ ಬಂದ್ರೂ ಪರವಾಗಿಲ್ಲ, ಎತ್ತಿಬಿಡಿ." ಆಮೇಲೆ ಕೋಣೆಯ ಗಾಜಿನ ಕಿಟಕಿಯ ಈಚೆ ಬಂದು ಕೂತು, ಎದುರಿನ ಬೆರಳಿಗೆ ಕಾಯುತ್ತಿದ್ದ.

ಕಾರಿನ ಜಾಹೀರಾತು ಕಳಿಸಿದ್ದು ಅವನ ಭಾವ. ಭಾವನಿಗೆ ಫೋನಿನಲ್ಲಿ ಕಂಡದ್ದನ್ನೆಲ್ಲ ಎಲ್ಲರಿಗೂ ಕಳಿಸುವ ಚಟ. ಹಸಿರು ಬಣ್ಣದ, ನೆಲಕ್ಕೆ ಹೊಟ್ಟೆ ತಾಗುತ್ತದೇನೋ ಎನ್ನಿಸುವಂಥ ಹಳೆಯ ಸ್ಪೋರ್ಟ್ಸ್ ಕಾರು. ಕೆಳಗೆ ಭಾವ ಬರೆದಿದ್ದ: ‘ಎರಡೇ ಸೀಟು. ಮದುವೆಯಾಗದವರಿಗೆ ಒಂದು ಹೆಚ್ಚೇ.’ ಚಿತ್ರದ ಜೊತೆ ಎಂಜಿನ್ನಿನ ಸದ್ದಿನ ಒಂದು ತುಣುಕೂ ಇತ್ತು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಮಾಡಲು ಬೇರೇನೂ ಇಲ್ಲದೆ, ಅವನು ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅದನ್ನು ಹೆಡ್‌ಫೋನಿನಲ್ಲಿ ಕೇಳಿದ.

ಮೊದಲು ಕೀಲಿ ತಿರುಗಿದ ಸದ್ದು. ಎಂಜಿನ್ನು ಕೆಮ್ಮಿ, ತಡವರಿಸಿ, ಹೊತ್ತಿಕೊಂಡಿತು. ದಪ್ಪ ದನಿ. ಯಾರೋ ಆಕ್ಸಿಲರೇಟರನ್ನು ಕಾಲಲ್ಲಿ ಒತ್ತಿದಾಗ ಅದು ಮೇಲೇರಿ, ಬಿಟ್ಟಾಗ ಗೊಣಗುತ್ತ ಕೆಳಗಿಳಿದು ಒಂದೇ ಸಮನೆ ಗುರುಗುಡತೊಡಗಿತು. ಎಲ್ಲೋ ಪಾತ್ರೆಯೊಂದು ಉರುಳಿತು. ಕಾಗೆ ಕೂಗಿತು. ಕೊನೆಗೆ ಫೋನ್ ಹಿಡಿದಿದ್ದ ಹೆಂಗಸಿನ ದನಿ, "ಸಾಕಾ? ಇನ್ನೂ ಬೇಕಾ?" ಎಂದಿತು. ಅಲ್ಲಿಗೆ ಮುಗಿಯಿತು.

ಮುಗಿದಾಗ ಅವನ ತೋಳಿನ ಕೂದಲು ನಿಮಿರಿದ್ದವು. ಗಂಟಲಲ್ಲಿ ಬಿಸಿಯಾದ ಏನೋ ಒಂದು ಬಂದು ನಿಂತಿತ್ತು. ಅವನಿಗೆ ಗಾಬರಿಯಾಯಿತು. ಇನ್ನೊಮ್ಮೆ ಕೇಳಿದ. ಇನ್ನೊಮ್ಮೆಯೂ ಹಾಗೇ ಆಯಿತು.

ಇದರಲ್ಲಿ ಗಾಬರಿಪಡುವಂಥದ್ದೇನು ಎಂದು ಯಾರಿಗಾದರೂ ಅನ್ನಿಸಬಹುದು. ವಿಷಯ ಏನೆಂದರೆ, ವರ್ಷದ ಮೊದಲಲ್ಲಿ ಅವನ ತಾಯಿ ತೀರಿಕೊಂಡಿದ್ದರು. ಅಂದಿನಿಂದ ಅವನಿಗೆ ಏನೂ ಆಗಿರಲಿಲ್ಲ. ಏನೂ ಎಂದರೆ ಏನೂ ಇಲ್ಲ. ಅಳು ಬರಲಿಲ್ಲ. ಸರಿ, ಕೆಲವರಿಗೆ ತಡವಾಗಿ ಬರುತ್ತದೆ ಎಂದುಕೊಂಡ. ತಡವಾಗಿಯೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ಚುಚ್ಚುವ ಮದ್ದಿನ ಹಾಗೆ, ತುಟಿ ತನ್ನದೇ, ಆದರೆ ಕಚ್ಚಿಕೊಂಡರೂ ಗೊತ್ತಾಗದು. ಆಸ್ಪತ್ರೆಯ ಕಾಗದಗಳಿಗೆ ಸಹಿ ಹಾಕಿದ, ಬಂದವರನ್ನೆಲ್ಲ ಕೂರಿಸಿ ಮಾತಾಡಿಸಿದ, ತಾಯಿಯೂ ತಾನೂ ಇದ್ದ ಬಾಡಿಗೆ ಮನೆ ಖಾಲಿ ಮಾಡಿ ಅಕ್ಕನ ಮನೆಯ ಹಿಂದಿನ ಕೋಣೆಗೆ ಬಂದು ಸೇರಿದ. ಒಮ್ಮೆ ಸಂಜೆ ಅಂಗಡಿಯಲ್ಲಿ ತನ್ನ ಕಿವಿಯನ್ನು ತಾನೇ ಪರೀಕ್ಷೆ ಮಾಡಿಕೊಂಡ. ಇದು ಹುಚ್ಚುತನ ಎಂದು ಗೊತ್ತಿದ್ದೂ ಮಾಡಿಕೊಂಡ. ಕಿವಿ ಸರಿಯಾಗಿಯೇ ಇತ್ತು.

ಆದ್ದರಿಂದ ಎಂಜಿನ್ನಿನ ಸದ್ದಿಗೆ ಗಂಟಲು ಬಿಗಿದದ್ದು ಅವನಿಗೆ ದೊಡ್ಡ ಸುದ್ದಿ.

ಜಾಹೀರಾತಿನಲ್ಲಿದ್ದ ನಂಬರಿಗೆ ಫೋನ್ ಮಾಡಿದ. ಅದೇ ಹೆಂಗಸು ಎತ್ತಿಕೊಂಡರು.

"ಹಾಂ, ಹೇಳಿ. ಕಾರು ನಮ್ಮ ಯಜಮಾನ್ರದ್ದು, ಮಾತು ಮಾತ್ರ ನನ್ನದು. ಅವರಿಗೆ ಫೋನಲ್ಲಿ ಸರಿಯಾಗಿ ಕೇಳಿಸಲ್ಲ."

ಕಿವಿಯ ಕೆಲಸ ಮಾಡುವವನು ಅಲ್ಲಿಯೇ ಒಂದು ಪ್ರಶ್ನೆ ಕೇಳಬೇಕಿತ್ತು. ಅವನು ಕೇಳಲಿಲ್ಲ. ಅವನ ಮನಸ್ಸೆಲ್ಲ ಎಂಜಿನ್ನಿನ ಮೇಲಿತ್ತು.

"ಎಂಜಿನ್ನು ತಣ್ಣಗಿರೋವಾಗ ಒಂದ್ಸಲ, ಓಡಿಸಿ ಬಂದಮೇಲೆ ಒಂದ್ಸಲ, ಸದ್ದು ಹಿಡಿದು ಕಳಿಸ್ತೀರಾ?"

"ಬೆಳಗ್ಗೆ ಒಂದು ಹಾಡು, ಸಂಜೆ ಒಂದು ಹಾಡು ಅನ್ನೋಕೆ ಇದೇನು ರೇಡಿಯೋನಾ? ಆಯ್ತು, ಕಳಿಸ್ತೀನಿ. ನನಗೂ ಹೊತ್ತು ಹೋಗುತ್ತೆ."

"ಯಾಕೆ ಮಾರ್ತಿದ್ದೀರಿ ಅಂತ ಕೇಳಬಹುದಾ?"

"ಅದನ್ನ ಅವರ ಬಾಯಿಂದಾನೇ ಕೇಳಿ, ಬಂದಾಗ. ಗಾಡಿ ಸತ್ತುಹೋಗಿದೆ ಅಂತಾರೆ. ನನಗಂತೂ ಆ ಸವತಿ ಬೀದಿಗೆಲ್ಲ ಕೇಳೋ ಹಾಗೆ ಗುರುಗುಟ್ಟೋದು ಚೆನ್ನಾಗೇ ಕೇಳಿಸುತ್ತೆ."

ತುಣುಕುಗಳು ಬಂದವು. ಒಂದೊಂದರ ಕೊನೆಯಲ್ಲೂ ಆಕೆ ಏನಾದರೂ ಹೇಳುತ್ತಿದ್ದರು. ‘ಸಾಕಾ’ ಎಂದೋ, ‘ಇನ್ನೊಂಚೂರು ಮಾಡ್ಲಾ’ ಎಂದೋ. ಅವನು ಅಚ್ಚುಕಟ್ಟಿನ ಮನುಷ್ಯ. ಅಂಗಡಿಯ ಕಂಪ್ಯೂಟರಿನಲ್ಲಿ ಕೂತು ತುಣುಕುಗಳನ್ನು ಶುಚಿ ಮಾಡಿದ. ಕಾಗೆಯನ್ನು ತೆಗೆದ, ಪಾತ್ರೆಯನ್ನು ತೆಗೆದ, ಗಾಳಿಯನ್ನು ತೆಗೆದ, ಕೊನೆಯ ಮಾತುಗಳನ್ನು ಕತ್ತರಿಸಿದ. ಉಳಿದದ್ದು ಬರೀ ಎಂಜಿನ್ನು, ತೊಳೆದಿಟ್ಟ ಲೋಟದಂತೆ. ಅದನ್ನು ಕೇಳಿದಾಗ ತೋಳಿನ ಕೂದಲು ಏಳಲಿಲ್ಲ. ಗಂಟಲು ಬಿಗಿಯಲಿಲ್ಲ. ಮತ್ತೆ ಮೊದಲಿಂದ ಮಾಡಿದ. ಊಹೂಂ. ಫೋನಿನ ಮೈಕು ಸಾಲದು, ಶುಚಿ ಮಾಡುವಾಗ ಜೀವವೂ ಹೋಗುತ್ತದೆ, ಸದ್ದಿನ ಛಾಯೆಯನ್ನು ಹಿಡಿದು ಏನು ಮಾಡುವುದು, ಸದ್ದೇ ಬೇಕು ಎಂದು ತೀರ್ಮಾನಿಸಿದ. ಕಾರು ಕೊಳ್ಳಬೇಕು.

ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದ. ಅಕ್ಕನ ಮನೆಯಲ್ಲಿ ಬಡಿಸುವ ರೂಢಿಯಿಲ್ಲ. ಪಾತ್ರೆಗಳು ಮೇಜಿನ ಮೇಲಿರುತ್ತವೆ, ಬೇಕಾದವರು ಬೇಕಾದಷ್ಟು ಹಾಕಿಕೊಳ್ಳುವುದು. ಅಕ್ಕ ದಿನವಿಡೀ ಪರದೆ ಹೊಲಿದು ಬರುವವಳು, ಅವಳದ್ದೂ ಸರಿಯೇ.

"ನಾನು ತಮಾಷೆಗೆ ಕಳಿಸಿದ್ದು ಕಣೋ," ಎಂದ ಭಾವ. ಅವನು ಹೆಂಚಿನ ಅಂಗಡಿಯಲ್ಲಿ ಮಾರಾಟಗಾರ. ತಮಾಷೆ ಅವನ ಕೆಲಸದ ಸಾಮಾನು. "ನಿಜವಾಗ್ಲೂ ತಗೋತೀಯಾ? ಎರಡೇ ಸೀಟು. ನಿನ್ನ ಅಕ್ಕನ್ನ ಎಲ್ಲಿ ಕೂರಿಸ್ತೀಯ, ಡಿಕ್ಕೀಲಾ?"

"ನನ್ನನ್ನ ಡಿಕ್ಕೀಲಿ ಹಾಕೋ ಆಸೆ ಯಾರಿಗಿದೆ ಅಂತ ಗೊತ್ತಾಯ್ತು ಬಿಡಿ," ಎಂದಳು ಅಕ್ಕ.

"ಅಯ್ಯೋ, ಆ ಡಿಕ್ಕೀಲಿ ನೀನು ಹಿಡಿಸಲ್ಲ ಕಣೇ."

ಅಕ್ಕ ಗಂಡನ ಕಡೆ ನೋಡಲಿಲ್ಲ. ತಮ್ಮನ ಕಡೆ ನೋಡಿದಳು. "ನಿನಗೆ ಗಾಡಿ ಓಡಿಸೋದೇ ಆಗಿಬರಲ್ಲ. ಟ್ರಾಫಿಕ್ ಜಾಸ್ತಿ ಅಂತ ಸ್ಕೂಟರನ್ನ ತಳ್ಕೊಂಡು ಬಂದೋನು ನೀನು. ಈಗ ಇದ್ದಕ್ಕಿದ್ದ ಹಾಗೆ ಇದು ಯಾಕೆ?"

"ಅದರ ಸದ್ದು ಚೆನ್ನಾಗಿದೆ."

"ಸದ್ದು."

"ಹೂಂ."

ಭಾವ ಏನೋ ಹೇಳಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ತುತ್ತು ಇಟ್ಟುಕೊಂಡ. ಆಮೇಲೆ ಪಾತ್ರೆ ತೊಳೆಯುವಾಗ ಅಕ್ಕ ನಲ್ಲಿ ನಿಲ್ಲಿಸಿ ಕೇಳಿದಳು. "ಅಮ್ಮ ಹೋದಾಗಿಂದ ನೀನು ಹೀಗೇ ಇದ್ದೀಯ. ಅಳೋದಾದ್ರೆ ಅತ್ತುಬಿಡೋ. ನಾನೇನು ನಗ್ತೀನಾ?"

"ಬರ್ತಾ ಇಲ್ಲ, ಅಕ್ಕ."

"ಬರ್ತಾ ಇಲ್ಲ ಅಂದ್ರೆ ಏನೋ? ನಲ್ಲೀನಾ ಅದು?"

ಅವನು ತಟ್ಟೆ ಒರೆಸಿದ, ತಿರುಗಿಸಿ ಮತ್ತೆ ಒರೆಸಿದ. ಹೇಳಿದರೆ ನಗುತ್ತಾಳೇನೋ ಎಂಬ ಅಳುಕಿತ್ತು. ಕೊನೆಗೆ ಹೇಳಿದ. "ಆ ಕಾರಿನ ಸದ್ದು ಕೇಳಿದ್ರೆ ಬರೋ ಹಾಗಾಗುತ್ತೆ. ಬೇರೆ ಯಾವುದಕ್ಕೂ ಆಗಲ್ಲ."

ಅಕ್ಕ ನಗಲಿಲ್ಲ. ಅವನ ಕೈಯಿಂದ ತಟ್ಟೆ ಇಸಿದುಕೊಂಡು, ಆಗಲೇ ಒಣಗಿದ್ದ ಅದನ್ನು ಇನ್ನೊಮ್ಮೆ ಒರೆಸಿದಳು. "ಹಾಗಾದ್ರೆ ತಗೊಂಡು ಬಾ. ಗುಜರಿ ಆದ್ರೂ ಸರಿ," ಎಂದಳು.

ಪ್ರಯಾಣಕ್ಕೆ ಅವನ ಹತ್ತಿರ ಸರಿಯಾದ ಚೀಲವಿರಲಿಲ್ಲ. ಅಂಗಡಿಯಿಂದ ಮನೆಮನೆಗೆ ಹೋಗುವಾಗ ಒಯ್ಯುವ ಚೀಲಕ್ಕೇ ಎರಡು ಜೊತೆ ಬಟ್ಟೆ ತುರುಕಿದ. ಅದರ ಬದಿಯ ಜೇಬಿನಲ್ಲಿ ಕಿವಿಯ ಯಂತ್ರಗಳನ್ನು ಹೊಂದಿಸುವ ಸಾಮಾನು, ಪುಟ್ಟ ಕಂಪ್ಯೂಟರು, ಯಂತ್ರವನ್ನು ಅದಕ್ಕೆ ಜೋಡಿಸಲು ಕೊರಳಿಗೆ ನೇತುಹಾಕುವ ಸಣ್ಣ ಪೆಟ್ಟಿಗೆ, ಎಲ್ಲ ಹಾಗೇ ಇತ್ತು. ತೆಗೆದಿಡಬೇಕೆಂದು ಅವನಿಗೆ ಹೊಳೆಯಲಿಲ್ಲ.

ರೈಲಿನಲ್ಲಿ ಕಿಟಕಿಯ ಪಕ್ಕ ಸಿಕ್ಕಿತು. ಹೊರಗೆ ಊರುಗಳು ಹೋದವು, ಗೋದಾಮುಗಳು ಹೋದವು, ಒಣಗಲು ಹಾಕಿದ ಬಟ್ಟೆಗಳು ಹೋದವು. ಎದುರು ಕೂತವರು ಬಿಸ್ಕತ್ತು ಕೊಟ್ಟರು, ತಿಂದ. ರುಚಿ ಇತ್ತೋ ಏನೋ. ತನ್ನಂಥವನು ಅಂಥ ಕಾರನ್ನು ಅಷ್ಟು ದೂರ ಓಡಿಸಿಕೊಂಡು ಬರುವುದು ಹೇಗೆ ಎಂದು ಹೆದರಿಕೆಯಾಗಬೇಕಿತ್ತು. ಹೆದರಿಕೆ ಎಲ್ಲಿರಬೇಕೋ ಅಲ್ಲಿ ಕೈಯಿಟ್ಟು ನೋಡಿದ ಹಾಗೆ ನೋಡಿಕೊಂಡ. ಇರಲಿಲ್ಲ. ಆ ಊರು ತಲುಪಿ, ನಿಲ್ದಾಣದ ಪಕ್ಕದ ಒಂದು ಕೋಣೆಯಲ್ಲಿ ಮಲಗಿ ಎದ್ದು, ಬೆಳಗ್ಗೆ ಸ್ನಾನ ಮಾಡಿ ವಿಳಾಸ ಹುಡುಕಿಕೊಂಡು ಹೋದ.

ಬಾಗಿಲು ತೆಗೆದವರು ಆಕೆಯೇ. ಗಿಡ್ಡ ಹೆಂಗಸು, ಮುಂಗೈಗೆಲ್ಲ ಹಿಟ್ಟು.

"ಬಂದ್ರಾ? ಸದ್ದು ಕೇಳೋರು ಅಂದ್ರೆ ವಯಸ್ಸಾದೋರೇನೋ ಅಂದ್ಕೊಂಡಿದ್ದೆ. ಹೀಗೇ ಹಿಂದಕ್ಕೆ ಹೋಗಿ, ಶೆಡ್ಡಲ್ಲಿದ್ದಾರೆ. ಜೋರಾಗಿ ಮಾತಾಡಿ. ಅವರೂ ಜೋರಾಗೇ ಮಾತಾಡ್ತಾರೆ, ಬೈತಿದ್ದಾರೆ ಅಂದ್ಕೋಬೇಡಿ."

ಶೆಡ್ಡಿನ ತಗಡಿನ ಮಾಡಿನ ಕೆಳಗೆ ಹಸಿರು ಕಾರು ನಿಂತಿತ್ತು. ಚಿತ್ರದಲ್ಲಿದ್ದುದಕ್ಕಿಂತ ಚಿಕ್ಕದು. ಅದರ ಪಕ್ಕ ಮಡಚುವ ಕುರ್ಚಿಯಲ್ಲಿ ಅಗಲ ಭುಜದ ಮುದುಕರೊಬ್ಬರು ಕೂತಿದ್ದರು. ಅವರು ಊರಿನ ಈಜುಕೊಳದಲ್ಲಿ ಜೀವನವಿಡೀ ಮಕ್ಕಳಿಗೆ ಈಜು ಕಲಿಸಿದ ಕೋಚ್. ಗೋಡೆಯ ಮೊಳೆಯಲ್ಲಿ ಅವರ ಹಳೆಯ ಸೀಟಿ ನೇತಾಡುತ್ತಿತ್ತು. ಎರಡೂ ಕಿವಿಯ ಹಿಂದೆ ಕಂದು ಬಣ್ಣದ ಯಂತ್ರಗಳಿದ್ದವು. ಅವನು ದಿನವೂ ಮಾರುವ ಕಂಪನಿಯದೇ, ಅದೇ ಮಾದರಿಯದೇ.

"ಮೊದಲೇ ಹೇಳಿಬಿಡ್ತೀನಿ," ಎಂದರು ಕೋಚ್, ಕೊಳದ ಆ ದಡದಲ್ಲಿರುವವರಿಗೆ ಹೇಳುವಂತೆ. "ಸುಳ್ಳು ಹೇಳಿ ಮಾರೋನಲ್ಲ ನಾನು. ಈ ಗಾಡಿ ಓಡುತ್ತೆ. ಎಲ್ಲಿಗೆ ಬೇಕಾದ್ರೂ ಓಡುತ್ತೆ. ಆದ್ರೆ ಸತ್ತಿದೆ."

"ಸತ್ತಿದೆ ಅಂದ್ರೆ?"

"ದನಿ ಇಲ್ಲ. ಮೊದಲು ಸ್ಟಾರ್ಟ್ ಮಾಡಿದ್ರೆ ಬೆನ್ನುಮೂಳೇಲಿ ಗೊತ್ತಾಗೋದು. ಈಗ ಫ್ರಿಜ್ಜು ಇದ್ದ ಹಾಗಿದೆ. ಊರಿನ ಮೆಕ್ಯಾನಿಕ್‌ಗಳಿಗೆಲ್ಲ ತೋರಿಸ್ದೆ. ಏನೂ ಆಗಿಲ್ಲ ಅಂತಾರೆ. ಅವರಿಗೇನು ಗೊತ್ತು? ಇದು ಮದುವೆಗೆ ಮುಂಚೆ ತಗೊಂಡ ಗಾಡಿ. ನನಗೆ ಗೊತ್ತಿಲ್ವಾ?"

"ಯಾವಾಗಿಂದ ಹೀಗಾಗಿದೆ?"

"ಹೋದ ಚಳಿಗಾಲದಿಂದ."

"ಮತ್ತೆ ಕಿವಿಗೆ ಮಷೀನು ಹಾಕಿಸಿದ್ದು?"

"ಅದೂ ಆಗಲೇ. ಯಾಕೆ?"

"ಸುಮ್ಮನೆ ಕೇಳ್ದೆ," ಎಂದ ಕಿವಿಯವನು.

ಅವನಿಗೆ ತಿಳಿದುಹೋಗಿತ್ತು. ಈಗಿನ ಯಂತ್ರಗಳು ಹಾಗೆಯೇ. ಏರಿಳಿಯುವ ಸದ್ದನ್ನು ಮಾತು ಎಂದು ತಿಳಿದು ಎತ್ತಿಕೊಡುತ್ತವೆ. ಒಂದೇ ಸಮನೆ ಗುರುಗುಡುವುದನ್ನು ಗದ್ದಲ ಎಂದು ತಿಳಿದು ಅದುಮಿಬಿಡುತ್ತವೆ. ಫ್ಯಾನು, ಮಿಕ್ಸಿ, ಬಸ್ಸು, ಎಂಜಿನ್ನು, ಎಲ್ಲ ಅವಕ್ಕೆ ಒಂದೇ. ಹೆಚ್ಚಿನವರಿಗೆ ಅದೇ ಬೇಕು. ಅವನೂ ಬಂದವರಿಗೆಲ್ಲ ಹಾಗೇ ಹೊಂದಿಸಿಕೊಡುತ್ತಾನೆ, ಅವರೂ ಹಾಯಾಗಿದೆ ಎಂದು ಹೋಗುತ್ತಾರೆ. ಇಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ಯಂತ್ರ ಹೊಂದಿಸಿಕೊಟ್ಟವರು ‘ನಿಮ್ಮ ಹತ್ತಿರ ಹಳೆಯ ಸ್ಪೋರ್ಟ್ಸ್ ಕಾರೇನಾದರೂ ಇದೆಯೇ’ ಎಂದು ಕೇಳಬೇಕಿತ್ತೆ? ಯಾರು ಕೇಳುತ್ತಾರೆ?

ಕಾರು ಸತ್ತಿರಲಿಲ್ಲ. ಯಂತ್ರದ ಹೊಂದಿಕೆ ಬದಲಿಸಲು ಬೇಕಾದದ್ದೆಲ್ಲ ಅವನ ಚೀಲದ ಬದಿಯ ಜೇಬಿನಲ್ಲಿತ್ತು. ಬದಲಿಸಿದರೆ ಕೋಚ್ ಈ ಕಾರನ್ನು ಮಾರುವುದಿಲ್ಲ. ಇಷ್ಟು ಅವನಿಗೆ ಒಂದೇ ಉಸಿರಿನಲ್ಲಿ ಗೊತ್ತಾಯಿತು. ಗೊತ್ತಾದ ಮೇಲೆ ಅವನು ಮಾಡಿದ್ದು ಚೀಲವನ್ನು ಶೆಡ್ಡಿನ ಮೂಲೆಗೆ ಸರಿಸಿಟ್ಟದ್ದು.

"ಒಂದು ಸುತ್ತು ಓಡಿಸಿ ನೋಡಲಾ?"

ಕೋಚ್ ಪಕ್ಕದ ಸೀಟಿನಲ್ಲಿ ಕಾಲು ಚಾಚಿ ಕೂತರು. ಅವನು ಕೀಲಿ ತಿರುಗಿಸಿದ. ತಗಡಿನ ಮಾಡು ನಡುಗಿತು. ಅದೇ ಸದ್ದು, ಆದರೆ ಈಗ ಬೆನ್ನಿನ ಹಿಂದೆ, ತೊಡೆಯ ಕೆಳಗೆ, ಅಂಗೈಯಲ್ಲಿ. ಮೈಕಿನಲ್ಲಿ ಸಿಗದ ಸಣ್ಣಪುಟ್ಟದ್ದೆಲ್ಲ ಇತ್ತು. ಒಂದು ಕಡೆ ಟಿಕ್ ಟಿಕ್ ಎನ್ನುವ ಸಡಿಲು, ಇಳಿಯುವಾಗಿನ ಗೊಣಗಾಟ. ಅವನು ಕಾದ. ಬೀದಿಯ ಕೊನೆಯವರೆಗೆ ಹೋದ. ದೊಡ್ಡ ರಸ್ತೆಗೆ ಬಂದು ಕಾಲು ಒತ್ತಿದ. ದನಿ ಮೇಲೇರಿತು. ಕಾದ. ತೋಳಿನ ಕಡೆ ಒಮ್ಮೆ ನೋಡಿಕೊಂಡ. ಕೂದಲು ಮಲಗಿಯೇ ಇದ್ದವು.

ಪಕ್ಕದಲ್ಲಿ ಬೇರೆಯವರಿದ್ದಾರಲ್ಲ, ಅದಕ್ಕೇ, ಎಂದುಕೊಂಡ. ಸಂಕೋಚ. ಕಾರು ತನ್ನದಾಗಿ, ಒಬ್ಬನೇ ಕೂತರೆ ಬರುತ್ತದೆ. ಬರಲೇಬೇಕು. ಇದೂ ಅಲ್ಲವಾದರೆ ಇನ್ನು ಬೇರೆ ಏನಿದೆ?

ತಿರುಗಿಸಿಕೊಂಡು ಬರುವಾಗ ಕೋಚ್ ಅವರ ಮುಖ ನೋಡಿದ. ಅವರು ಮುಂದಿನ ಗಾಜಿನ ಆಚೆ ನೋಡುತ್ತಿದ್ದರು. ಸಿಟ್ಟಿಲ್ಲ, ದುಃಖವಿಲ್ಲ. ಬಸ್ಸಿನಲ್ಲಿ ಕೂತವರು ಯಾರದ್ದೋ ನಿಲ್ದಾಣಗಳನ್ನು ನೋಡುವ ಹಾಗೆ. ತಮ್ಮ ಕಾಲದ ಕಾರು ಬೆನ್ನ ಹಿಂದೆ ಆರ್ಭಟಿಸುತ್ತಿದ್ದರೂ ಒಂದು ರೆಪ್ಪೆಯೂ ಅದುರುತ್ತಿರಲಿಲ್ಲ. ಆ ಮುಖ ಅವನಿಗೆ ಪರಿಚಿತವಾಗಿತ್ತು. ಬೆಳಗ್ಗೆ ಕ್ಷೌರ ಮಾಡಿಕೊಳ್ಳುವಾಗ ದಿನವೂ ನೋಡುವ ಮುಖ.

"ನೋಡಿದ್ರಾ?" ಎಂದರು ಕೋಚ್. "ಫ್ರಿಜ್ಜು."

ಮನೆಯೊಳಗೆ ಮೇಜಿನ ಮೇಲೆ ಕಾಗದಗಳು ಸಿದ್ಧವಾಗಿದ್ದವು. ಪೆನ್ನಿನ ಮುಚ್ಚಳ ಕೂಡ ತೆಗೆದಿಟ್ಟಿತ್ತು. ಕೋಚ್ ಕೈ ತೊಳೆಯಲು ಹೋದಾಗ ಆಕೆ ಅಡುಗೆಮನೆಯ ಬಾಗಿಲಿಗೆ ಬಂದು ದನಿ ತಗ್ಗಿಸಿದರು. ತಗ್ಗಿಸುವ ಅಗತ್ಯವೇ ಇರಲಿಲ್ಲ.

"ಬೇಗ ತಗೊಂಡು ಹೋಗಿಬಿಡಿ. ನನಗೂ ಅದಕ್ಕೂ ಇಷ್ಟು ವರ್ಷ ಜಗಳ. ಭಾನುವಾರ ಬಂತು ಅಂದ್ರೆ ಅದರ ಹೊಟ್ಟೆ ಕೆಳಗೇ ಇರೋರು. ಊಟಕ್ಕೆ ಕರೆದ್ರೆ ಬರ್ತಿರಲಿಲ್ಲ. ಈಗ ಕರೆದ ಕೂಡ್ಲೆ ಬರ್ತಾರೆ. ಬಂದು ಹೀಗೆ ಕೂರ್ತಾರೆ." ಆಕೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡಂತೆ ಮಾಡಿ ತೋರಿಸಿದರು. "ಅದು ಕಣ್ಮುಂದೆ ಇಲ್ಲದಿದ್ರೆ ಸರಿಹೋಗ್ತಾರೇನೋ ಅಂತ."

ಅವನು ಪೆನ್ನು ಕೈಗೆತ್ತಿಕೊಂಡ.

ಸಹಿ ಹಾಕಿದರೆ ತಪ್ಪೇನು? ಅವರು ಮಾರಲು ಹೊರಟಿದ್ದಾರೆ, ಇವನು ಕೊಳ್ಳಲು ಬಂದಿದ್ದಾನೆ. ಬೇರೆ ಅಂಗಡಿಯವರು ಹೊಂದಿಸಿದ ಯಂತ್ರಕ್ಕೆ ಕೈಹಾಕುವುದು ಮರ್ಯಾದೆಯೂ ಅಲ್ಲ. ಅಕ್ಕ ಕಾಯುತ್ತಿದ್ದಾಳೆ. ಗುಜರಿ ಆದರೂ ಸರಿ ಎಂದಿದ್ದಾಳೆ. ಇವೆಲ್ಲ ಸರಿಯಾದ ಮಾತುಗಳೇ. ಅವನು ಒಂದೊಂದನ್ನೂ ತಿರುವಿ ನೋಡಿದ. ಒಂದರಲ್ಲೂ ದೋಷ ಕಾಣಲಿಲ್ಲ. ಆದರೆ ಕೋಚ್ ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತರು.

ದೊಡ್ಡ ಮನಸ್ಸಿನಿಂದ ಮಾಡಿದ ಎಂದು ಹೇಳುವಂತಿಲ್ಲ. ಮನಸ್ಸು ಎಂಬುದು ಅವನಿಗೆ ಆಗ ಎಲ್ಲಿತ್ತು? ಕಿವಿ ಕೇಳದವರು ಎದುರು ಕೂತಾಗ ಅವನ ಕೈ ಏನು ಮಾಡುತ್ತಿತ್ತೋ ಅದನ್ನೇ ಮಾಡಿತು. ಪೆನ್ನಿಗೆ ಮುಚ್ಚಳ ಹಾಕಿದ.

"ಸರ್, ನಿಮ್ಮ ಮಷೀನು ಒಂಚೂರು ನೋಡಬಹುದಾ? ನಾನು ಇದೇ ಕೆಲಸ ಮಾಡೋನು."

"ಯಾಕೆ? ನೀವು ಹೇಳೋದು ಸರಿಯಾಗೇ ಕೇಳಿಸ್ತಿದೆಯಲ್ಲ."

"ಈಗಿರೋದು ಹಾಗೇ ಇರುತ್ತೆ. ಅದರ ಪಕ್ಕಕ್ಕೆ ಇನ್ನೊಂದು ಸೇರಿಸ್ತೀನಿ. ಬೇಡ ಅನ್ನಿಸಿದ್ರೆ ತೆಗೆದುಬಿಡ್ತೀನಿ."

ಚೀಲ ತಂದ. ಬಟ್ಟೆಗಳ ನಡುವಿನಿಂದ ಸಾಮಾನು ಹೊರಬಂದದ್ದು ನೋಡಿ ಆಕೆ, "ಇದೇನು, ಕಾರು ತಗೊಳ್ಳೋಕೆ ಬಂದ್ರೋ ಕಿವಿ ಮಾರೋಕೆ ಬಂದ್ರೋ?" ಎಂದರು. ಪೆಟ್ಟಿಗೆಯನ್ನು ಕೋಚ್ ಅವರ ಕೊರಳಿಗೆ ಹಾಕಿದ. ಅವರು ಪದಕ ಹಾಕಿಸಿಕೊಳ್ಳುವವರಂತೆ ತಲೆ ಬಗ್ಗಿಸಿದರು. ಮಾಡುವುದು ಹೆಚ್ಚೇನೂ ಇರಲಿಲ್ಲ. ಎರಡನೆಯ ಹೊಂದಿಕೆಯೊಂದನ್ನು ತೆರೆದು, ಗದ್ದಲವನ್ನು ಅದುಮುವುದೆಲ್ಲವನ್ನೂ ಒಂದೊಂದಾಗಿ ಬಿಡಿಸಿದ. ಕೆಳದನಿಯ ಸದ್ದುಗಳಿಗೆ ದಾರಿ ಬಿಟ್ಟ. ಕಿವಿಯ ಹಿಂದಿನ ಗುಂಡಿಯನ್ನು ಅದಕ್ಕೆ ಜೋಡಿಸಿದ. ಅಷ್ಟೇ. ಕಾರು ಕೈಬಿಟ್ಟು ಹೋಗುತ್ತಿದೆ ಎಂದು ಗೊತ್ತಿತ್ತು. ಗೊತ್ತಿರುವುದು ಬೇರೆ, ಒಳಗೆ ಏನಾದರೂ ಆಗುವುದು ಬೇರೆ.

ಶೆಡ್ಡಿಗೆ ಹೋಗಿ ಕೋಚ್ ಅವರನ್ನು ಕಾರಿನಲ್ಲಿ ಕೂರಿಸಿದ. ತಾನು ಕಿಟಕಿಯ ಹೊರಗೆ ನಿಂತ. ಬೇರೆ ಯಾವ ಮಾತೂ ತೋಚದೆ, ದಿನವೂ ಹೇಳುವುದನ್ನೇ ಹೇಳಿದ.

"ಕೇಳಿಸಿದರೆ ಬೆರಳೆತ್ತಿ."

ಕೋಚ್ ಕಿವಿಯ ಹಿಂದಿನ ಗುಂಡಿ ಒತ್ತಿ, ಕೀಲಿ ತಿರುಗಿಸಿದರು.

ಎಂಜಿನ್ನು ಕೆಮ್ಮಿ ಹೊತ್ತಿಕೊಂಡಿತು. ಕೋಚ್ ಅವರ ಬೆರಳು ಮೇಲೆದ್ದಿತು. ಪರೀಕ್ಷೆಗೆ ಬಂದವರು ಬೆರಳೆತ್ತಿ ಇಳಿಸುತ್ತಾರೆ. ಅವರು ಇಳಿಸಲೇ ಇಲ್ಲ. ಹಾಗೇ ಎತ್ತಿ ಹಿಡಿದುಕೊಂಡು, ಬಾಯಿ ಸ್ವಲ್ಪ ತೆರೆದು ಕೂತರು. ಆಮೇಲೆ ಕಾಲು ಒತ್ತಿದರು. ಮಾಡು ನಡುಗಿತು, ಮೊಳೆಯ ಮೇಲಿನ ಸೀಟಿ ಗೋಡೆಗೆ ಬಡಿದುಕೊಂಡಿತು.

"ಎಡಗಡೆ ಟಿಕ್ ಟಿಕ್ ಅಂತಿದೆ," ಎಂದರು.

"ಹೌದು, ನನಗೂ ಕೇಳಿಸ್ತು."

"ಅದು ಮೊದಲಿಂದಾನೂ ಇದೆ. ತಗೊಂಡ ದಿನದಿಂದ ಇದೆ. ಅದನ್ನ ಯಾರೂ ತೆಗೆಯೋಕಾಗಲಿಲ್ಲ." ಬೆರಳು ಇನ್ನೂ ಮೇಲೆಯೇ ಇತ್ತು. "ಇದೆ ನೋಡಿ. ಇಲ್ಲೇ ಇದೆ."

ಆಕೆ ಹಿಂಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಎಂಜಿನ್ನು ನಿಂತ ಮೇಲೆ ಕೇಳಿದರು, "ಇನ್ನು ನನ್ನ ಮಾತು ಕೇಳಿಸುತ್ತೋ ಇಲ್ವೋ?"

"ನಿಮ್ಮದು ಒಂದನೇ ನಂಬರು," ಎಂದ ಕಿವಿಯವನು. "ಕಾರಿಂದು ಎರಡನೇದು. ಗುಂಡಿ ಒತ್ತಿದ್ರೆ ಬದಲಾಗುತ್ತೆ."

"ಒಂದನೇ ನಂಬರಂತೆ. ಬಿಡಿ, ಈ ಜನ್ಮದಲ್ಲಿ ಅಷ್ಟಾದ್ರೂ ಆಯ್ತು," ಎಂದು ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದರು.

ಕೋಚ್ ಕಾರಿನಿಂದ ಇಳಿಯಲು ಬಹಳ ಹೊತ್ತು ತೆಗೆದುಕೊಂಡರು. ಇಳಿದ ಮೇಲೆ ಅವನ ಮುಖ ನೋಡಲಿಲ್ಲ, ಕಾರಿನ ಮುಖ ನೋಡಿದರು. "ಮಾತು ಮಾತೇ," ಎಂದರು. "ಕೊಡ್ತೀನಿ ಅಂದಿದ್ದೀನಿ. ದೂರದಿಂದ ಬಂದಿದ್ದೀರ. ಸಹಿ ಹಾಕಿ, ತಗೊಂಡು ಹೋಗಿ."

ಅವರು ನಿಜವಾಗಿಯೇ ಹೇಳುತ್ತಿದ್ದರು. ಅಂಥ ಮನುಷ್ಯ. ಇದನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕಾರು ಮತ್ತೆ ಅವನ ಅಂಗೈಗೆ ಬಂದು ಬಿದ್ದಿತ್ತು. ಬಾಗಿಲ ಹಿಡಿ ತಗಡಿನ ಮಾಡಿನ ಕಾವಿಗೆ ಬಿಸಿಯಾಗಿತ್ತು. ಅವನು ಅದರ ಮೇಲೆ ಕೈಯಿಟ್ಟು ನಿಂತ.

"ಇಲ್ಲ ಸರ್," ಎಂದ. "ಓಡಿಸಿ ನೋಡಿದ್ನಲ್ಲ. ನನಗೆ ಸೀಟು ಚಿಕ್ಕದಾಗುತ್ತೆ. ಮೊಣಕಾಲು ತಾಗುತ್ತೆ."

ಕೋಚ್ ಅವನ ಸಣಕಲು ಕಾಲುಗಳನ್ನು ನೋಡಿದರು. ತಮ್ಮ ದಪ್ಪ ಕಾಲುಗಳನ್ನು ನೋಡಿಕೊಂಡರು. ಅವನ ಬೆನ್ನಿನ ಮೇಲೆ ಒಮ್ಮೆ ಕೈಯಿಟ್ಟು, ನೀರಿಗೆ ತಳ್ಳುವಂತೆ ಮೆಲ್ಲಗೆ ಮನೆಯ ಕಡೆ ತಳ್ಳಿದರು.

"ಊಟ ಮಾಡಿಕೊಂಡು ಹೋಗಿ. ಇಲ್ಲ ಅಂದ್ರೆ ಒಂದನೇ ನಂಬರು ಬೈತಾಳೆ."

ಅವನಿಗೆ ಹಸಿವೆಯಿರಲಿಲ್ಲ. ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು, ಹೋಗಲು ಬೇರೆ ಜಾಗವಿರಲಿಲ್ಲ; ಕೂತ. ಕಾಗದಗಳನ್ನು ತೆಗೆದು ಮೇಜು ಒರೆಸಿದ್ದರು. ಅಕ್ಕನಿಗೆ ಫೋನ್ ಮಾಡಬೇಕು, ಏನು ಹೇಳುವುದು ಎಂದು ಯೋಚಿಸುತ್ತಿದ್ದ. ಕಾರು ಬರುವುದಿಲ್ಲ. ಸದ್ದೂ ಬರುವುದಿಲ್ಲ. ಬಂದಿದ್ದರೂ ಪ್ರಯೋಜನವಿರಲಿಲ್ಲವೇನೋ, ದೊಡ್ಡ ರಸ್ತೆಯಲ್ಲಿ ಅದು ತನ್ನ ಕೈಲಾದದ್ದನ್ನೆಲ್ಲ ಮಾಡಿ ತೋರಿಸಿತ್ತು. ಹಾಗಾದರೆ ಆ ಕೋಣೆಯಲ್ಲಿ ಕೂತಾಗ ತನಗೆ ಆದದ್ದಾದರೂ ಏನು? ಅದು ಅವನಿಗೆ ಅರ್ಥವಾಗಲಿಲ್ಲ. ತಟ್ಟೆಯಲ್ಲಿದ್ದುದನ್ನು ತಿನ್ನುತ್ತಿದ್ದ. ಬಿಸಿಯಾಗಿದೆ ಎಂದಷ್ಟೇ ತಿಳಿಯುತ್ತಿತ್ತು. ಎದುರಿಗೆ ಕೋಚ್ ಕಾರಿನ ಬಗ್ಗೆ ಏನೇನೋ ಹೇಳುತ್ತಿದ್ದರು, ಬಾಯಲ್ಲಿ ತುತ್ತಿದ್ದಾಗಲೂ ಹೇಳುತ್ತಿದ್ದರು.

ಆಕೆ ಕೂತಿರಲಿಲ್ಲ. ಪಾತ್ರೆ ಹಿಡಿದು ಬಡಿಸುತ್ತಿದ್ದರು. ಅವನ ತಟ್ಟೆ ಮುಗಿಯುತ್ತ ಬಂದಾಗ ಹಿಂದಿನಿಂದ ಬಂದು, ಅವನ ಭುಜದ ಪಕ್ಕದಲ್ಲಿ ಸೌಟು ಹಿಡಿದು ನಿಂತರು.

"ಸಾಕಾ? ಇನ್ನೂ ಬೇಕಾ?"

ಅವನ ಕೈ ತಟ್ಟೆಯ ಮೇಲೆ ನಿಂತಿತು. ತೋಳಿನ ಕೂದಲೆಲ್ಲ ಎದ್ದು ನಿಂತವು.

ಕಾಗೆಯ ಜೊತೆ, ಪಾತ್ರೆಯ ಜೊತೆ, ಅವನು ಕಂಪ್ಯೂಟರಿನಲ್ಲಿ ಕತ್ತರಿಸಿ ಎಸೆದಿದ್ದ ಮಾತು. ನಲವತ್ತು ದಾಟಿದ ಮಗನ ಭುಜದ ಪಕ್ಕದಲ್ಲಿ, ಬಾಡಿಗೆ ಮನೆಯ ಇಕ್ಕಟ್ಟಾದ ಅಡುಗೆಮನೆಯಲ್ಲಿ, ದಿನವೂ ಇದೇ ಎತ್ತರದಲ್ಲಿ ಒಂದು ಸೌಟು ಬಂದು ನಿಲ್ಲುತ್ತಿತ್ತು. ದಿನವೂ ಇದನ್ನೇ ಕೇಳುತ್ತಿತ್ತು. ಅವನು ಪುಸ್ತಕದಿಂದ ತಲೆಯೆತ್ತದೆ ಹೂಂ ಎಂದೋ ಊಹೂಂ ಎಂದೋ ಅನ್ನುತ್ತಿದ್ದ.

ಉತ್ತರ ಕೊಡಲು ಬಾಯಿ ತೆರೆದ. ಗಂಟಲಿನಿಂದ ದನಿ ಹೊರಡಲಿಲ್ಲ. ಆಕೆ ಸೌಟು ಹಿಡಿದು ಕಾಯುತ್ತಲೇ ಇದ್ದರು. ತಟ್ಟೆ ಮಂಜಾಯಿತು, ಮೇಜು ಮಂಜಾಯಿತು. ಅವನು ಎಡಗೈಯ ಒಂದು ಬೆರಳನ್ನು ಮೇಲಕ್ಕೆತ್ತಿದ.

"ಒಂದೇ ಸೌಟಾ? ಆಯ್ತು," ಎಂದು ಆಕೆ ಬಡಿಸಿದರು.

ಎದುರಿಗೆ ಕೋಚ್ ಮಾತು ನಿಲ್ಲಿಸಿ ಅವನ ಮುಖ ನೋಡಿದರು. ಕಿವಿಯ ಹಿಂದಿನ ಗುಂಡಿ ಒತ್ತಿ ಹೆಂಡತಿಯ ಕಡೆ ತಿರುಗಿದರು. "ಖಾರ ಜಾಸ್ತಿ ಹಾಕಿದ್ದೀಯೇನೇ? ನೋಡು, ಪಾಪ, ಕಣ್ಣಲ್ಲಿ ನೀರು ಬರ್ತಿದೆ ಅವರಿಗೆ."

"ಖಾರಾನೇ ಹಾಕಿಲ್ಲ," ಎಂದರು ಆಕೆ. ಆದರೂ ನೀರಿನ ಲೋಟವನ್ನು ಅವನ ಹತ್ತಿರಕ್ಕೆ ಸರಿಸಿದರು.